ಜೆರ್ಬೊನ ಗುಂಡಿಯಲ್ಲಿ ಮೂರು ದಿನ

ಜರ್ಮನಿಯನ್ನು ಸೋಲಿಸಿದವನು ನಾನು. ಅಂಗಾತ ಮಲಗಿಕೊಂಡು ಸೋಲಿಸಿದೆ. ಕೈಯಲ್ಲಿ ಕೋವಿ ಇರಲಿಲ್ಲ, ಕಾಲಲ್ಲಿ ಬೂಟು ಇರಲಿಲ್ಲ. ಸೊಂಟದಾಳದ ಒಂದು ಗುಂಡಿಯಲ್ಲಿ ಮೂರು ಹಗಲು ಮೂರು ರಾತ್ರಿ ಮಲಗಿದ್ದೆ. ನಾಲ್ಕನೆಯ ದಿನ ಜರ್ಮನರು ಗಂಟುಮೂಟೆ ಕಟ್ಟಿದರು. ರಷ್ಯದವರು ಹೊಡೆದರು, ಅಮೆರಿಕದವರು ಹೊಡೆದರು ಎಂದು ಜನ ಹೇಳುತ್ತಾರೆ. ಅವರು ಬಂದದ್ದು ಆಮೇಲೆ, ಗುಡಿಸುವುದಕ್ಕೆ.

ಗೂರ್ಸಿಯ ಸಂತೆಯಲ್ಲಿ, ಪೊಕೊ ಮುದುಕಿಯ ಹೆಂಡದ ಚಪ್ಪರದ ಕೆಳಗೆ ಇದನ್ನು ನೂರು ಸಲ ಹೇಳಿದ್ದೇನೆ. ನನ್ನ ಹೆಸರು ಸಿಬಿರಿ ತಪ್ಸೊಬಾ. ತಪ್ಸೊಬಾ ಎಂದರೆ ಬಿಲ್ಲಿನ ಒಡೆಯ. ನನ್ನ ಮುತ್ತಜ್ಜ ಒಂದೇ ಬಾಣದಲ್ಲಿ ಏಳು ಕುದುರೆ ಉರುಳಿಸಿದ್ದ. ಎಂಟನೆಯದು ಹೆದರಿಕೊಂಡೇ ಸತ್ತಿತು.

ಮೊನ್ನೆ ಸಂತೆಯ ದಿನ ಕಥೆ ಹೇಳುತ್ತ ಕುದುರೆಗಳ ತನಕ ಬಂದಿದ್ದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಎದುರಿಗೆ ನಿಂತಳು. ತಲೆಯ ಮೇಲೆ ಒಂದು ಸುರುಳಿ ಬಟ್ಟೆ. ಗೇಣಗಲದ ಪಟ್ಟಿ, ನಮ್ಮ ಕಡೆ ಮಗ್ಗದಲ್ಲಿ ನೇಯುವ ಬಿಳಿ ಹತ್ತಿಯದು. ಕಾಲೆಲ್ಲ ಕೆಂಪು ಧೂಳು. ಎರಡು ದಿನದ ನಡಿಗೆ ಇರಬೇಕು.

“ಸಿಬಿರಿ ಅನ್ನೋ ಗುಲಾಮ ನೀನೇನಾ?”

ಗುಲಾಮ ಎಂದ ಮೇಲೆ ಸಾಮೊ ಕುಲದ ಹೆಂಗಸೇ. ಸಾಮೊಗಳಿಗೂ ನಮ್ಮ ಮೊಸ್ಸಿಗಳಿಗೂ ಬೈಗುಳದ ನೆಂಟಸ್ತಿಕೆ. ಅಜ್ಜಂದಿರ ಕಾಲದ್ದು. ಅವರು ನಮ್ಮನ್ನು ಗುಲಾಮರು ಎನ್ನಬೇಕು, ನಾವು ಅವರನ್ನು ನಾಯಿತಲೆ ತಿನ್ನುವವರು ಎನ್ನಬೇಕು. ಏನಂದರೂ ಸಿಟ್ಟಾಗುವ ಹಾಗಿಲ್ಲ. ಸಿಟ್ಟಾದವನು ಸೋತ.

“ನಾನೇ ಕಣೇ ನಾಯಿತಲೆ. ದಾರೀಲಿ ಎಷ್ಟು ನಾಯಿ ಮುಗಿಸ್ಕೊಂಡ್ ಬಂದೆ?”

“ಒಂದೂ ಇಲ್ಲ. ನಿಮ್ಮೂರ್ ನಾಯಿ ನಿಮ್ ಥರಾನೇ. ಮೈಮೇಲೆ ಮಾಂಸ ಇಲ್ಲ, ಬೊಗಳೋದ್ ನೋಡಿದ್ರೆ ಊರಿಗೇ ಸಾಕು.”

ಚಪ್ಪರದ ಕೆಳಗಿದ್ದವರೆಲ್ಲ ನಕ್ಕರು. ಪೊಕೊ ಒಂದು ಸೋರೆಬುರುಡೆ ತುಂಬ ಹೆಂಡ ತಂದು ಅವಳ ಮುಂದಿಟ್ಟಳು. ಅವಳು ಕುಡಿಯಲಿಲ್ಲ. ಬಟ್ಟೆಯ ಸುರುಳಿ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೂತಳು.

“ನಾನು ತೆನೆ. ಜೆರ್ಬೊನ ಅಕ್ಕ.”

ನಾನು ನಗುವುದನ್ನು ನಿಲ್ಲಿಸಿದೆ.

“ಮಳೆ ಮುಗಿದ್ಮೇಲೆ ಕಾಗದ ಬಂತು,” ಎಂದಳು. “ಕಮಾಂಡರ ಕಚೇರಿ ಗುಮಾಸ್ತ ಓದ್ದ. ಫ್ರಾನ್ಸಿಗಾಗಿ ಸತ್ತ ಅಂತ ಇದೆಯಂತೆ. ಸತ್ತು ಏಳು ವರ್ಷ ಆಯ್ತಂತೆ. ಬರೋ ತಿಂಗಳು ಅವನ ತಿಥಿ ಮಾಡ್ತಿದೀವಿ. ಹಿರೀರು ಒಂದೇ ಮಾತು ಕೇಳ್ತಿದಾರೆ. ಬಟ್ಟೆ ಸುತ್ತಿ ಮಣ್ಣಿಗಿಟ್ರಾ, ಬೆತ್ತಲೆ ಇಟ್ರಾ? ಬೆತ್ತಲೆ ಹೋಗಿದ್ರೆ ಇಲ್ಲೊಂದು ಗುಂಡಿ ತೋಡಿ ಈ ಬಟ್ಟೆ ಹೂಳ್ಬೇಕು. ಇಲ್ದಿದ್ರೆ ಅವ್ನು ಅಜ್ಜಂದಿರ ಮುಂದೆ ಹೋಗಿ ನಿಲ್ಲೋ ಹಾಗಿಲ್ಲ. ಆದ್ರೆ ಸುತ್ತಿ ಕಳಿಸಿದೋನಿಗೆ ಮತ್ತೆ ಬಟ್ಟೆ ಹೂಳಿದ್ರೆ ಮನೇಲಿ ಇನ್ನೊಂದು ಸಾವು. ಅದಕ್ಕೇ ಗೊತ್ತಾಗ್ಬೇಕು. ನೀನ್ ಅಲ್ಲೇ ಇದ್ದೆ ಅಂತಾರೆ. ಹೇಳು.”

“ಹೇಳ್ತೀನಿ. ಮೊದಲಿಂದ ಹೇಳ್ತೀನಿ.”

“ಮೊದಲಿಂದ ಬೇಡ.”

“ಮೊದಲಿಂದ ಹೇಳದಿದ್ರೆ ನಂಗೆ ಕೊನೆ ನೆನಪಾಗಲ್ಲ.”

ನಮ್ಮ ಸೀಮೆಯನ್ನು ಆಳುತ್ತಿದ್ದ ಫ್ರೆಂಚರು ನಮ್ಮನ್ನು ಸಿಪಾಯಿ ಮಾಡಿ ಒಯ್ದಿದ್ದರು. ನಲವತ್ತರ ಜೂನಿನಲ್ಲಿ ಫ್ರಾನ್ಸಿನ ಒಂದು ಹಳ್ಳಿಯನ್ನು ಕಾಯಿರಿ ಎಂದು ನಮಗೆ ಹೇಳಿದರು. ಹಳ್ಳಿಯವರು ಆಗಲೇ ಓಡಿಹೋಗಿದ್ದರು. ಕಾಯಲು ಉಳಿದದ್ದು ಒಂದು ಇಗರ್ಜಿ, ಎರಡು ಹಸು. ನಾನೊಬ್ಬನೇ ಹನ್ನೊಂದು ಟ್ಯಾಂಕು ಹೊಡೆದೆ. ಗುಂಡು ಮುಗಿದ ಮೇಲೆ ಮಚ್ಚು ತೋರಿಸಿದೆ. ಹನ್ನೆರಡನೆಯ ಟ್ಯಾಂಕು ಹಿಂದಕ್ಕೆ ತಿರುಗಿ ಹೋಯಿತು. ಅದರೊಳಗಿದ್ದವನಿಗೆ ಇವತ್ತಿಗೂ ನಿದ್ದೆ ಇಲ್ಲ.

“ಹೋದ ಸಂತೇಲಿ ಒಂಬತ್ತಿತ್ತು,” ಎಂದಳು ಪೊಕೊ.

“ಇನ್ನೆರಡು ಆಮೇಲೆ ನೆನಪಾದ್ವು.”

ನಮ್ಮ ಕ್ಯಾಪ್ಟನ್ ಬಿಳಿ ಕರ್ಚೀಫು ಎತ್ತಿದ. ಜರ್ಮನರು ಬಂದು ನಮ್ಮನ್ನು ಎರಡು ಸಾಲು ಮಾಡಿದರು. ಬಿಳಿಯರು ಎಡಕ್ಕೆ, ಕರಿಯರು ಬಲಕ್ಕೆ. ಎಡಗಡೆ ನೀರು ಕೊಟ್ಟರು. ಬಲಗಡೆ ಗಾಯವಾದವರನ್ನು ಬೇರೆ ಕರೆದರು. ನಡೆಯಲಾಗದವರನ್ನು ನಾವೇ ಹೊತ್ತು ತಂದು ಕೊಟ್ಟೆವು. ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ ಅಂದುಕೊಂಡಿದ್ದೆವು. ಇಗರ್ಜಿಯ ಗೋಡೆಯ ಹಿಂದಕ್ಕೆ ಕರೆದೊಯ್ದರು. ಹದಿನಾರು ಜನ. ಹದಿನಾರು ಸದ್ದು ಕೇಳಿಸಿತು. ನಾನು ಎಲ್ಲವನ್ನೂ ಜಾಸ್ತಿ ಮಾಡಿ ಹೇಳುವವನು. ಈ ಹದಿನಾರನ್ನು ಮಾತ್ರ ಹದಿನಾರೇ ಎನ್ನುತ್ತೇನೆ.

ಬಿಳಿ ಸೆರೆಯಾಳುಗಳನ್ನು ರೈಲು ಹತ್ತಿಸಿ ಜರ್ಮನಿಗೆ ಕಳಿಸಿದರು. ನಮ್ಮನ್ನು ಕಳಿಸಲಿಲ್ಲ. ನಮ್ಮ ಕಾಲು ಬಿದ್ದರೆ ಅವರ ನೆಲ ಮೈಲಿಗೆಯಾಗುತ್ತದಂತೆ. ಸೆರೆಮನೆಗೂ ಮೈಲಿಗೆ ಇದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಮ್ಮನ್ನು ಫ್ರಾನ್ಸಿನ ತೆಂಕಣ ಮೂಲೆಯ ಪೈನ್ ಕಾಡಿನಲ್ಲಿ ಮುಳ್ಳುತಂತಿ ಕಟ್ಟಿ ಇಟ್ಟರು. ಜೆರ್ಬೊ ನನಗೆ ಸಿಕ್ಕಿದ್ದು ಅಲ್ಲಿ.

ಮೊದಲ ವಾರವೇ ಒಬ್ಬ ಜರ್ಮನ್ ಡಾಕ್ಟರು ಬಂದ. ಬಟ್ಟೆ ಬಿಚ್ಚಿಸಿ ಸಾಲಾಗಿ ನಿಲ್ಲಿಸಿದ. ಹಲ್ಲು ನೋಡಿದ. ಅಂಗಾಲು ಎತ್ತಿಸಿ ನೋಡಿದ. ಕಬ್ಬಿಣದ ಇಕ್ಕಳದಲ್ಲಿ ತಲೆ ಹಿಡಿದು ಅಳೆದ. ಮೂಗಿನ ಅಗಲ ಬರೆದುಕೊಂಡ. ಕೆನ್ನೆಯ ಮೇಲಿನ ಕುಲದ ಗೆರೆಗಳಲ್ಲಿ ಬೆರಳಾಡಿಸಿ ಪಕ್ಕದವನಿಗೆ ಏನೋ ಹೇಳಿದ, ಅವನು ನಕ್ಕ. ಜೆರ್ಬೊನ ತೊಡೆಯಲ್ಲಿ ಗುಂಡಿನ ಗಾಯ ಕೀವಾಗಿತ್ತು. ಡಾಕ್ಟರು ಅದನ್ನೂ ಅಳೆದ. ಬರೆದುಕೊಂಡ. ಮುಂದಿನವನ ಹತ್ತಿರ ಹೋದ.

ನನ್ನ ತಲೆಗೆ ಅವನ ಇಕ್ಕಳ ಸಾಲಲಿಲ್ಲ. ಬರ್ಲಿನ್ನಿನಿಂದ ದೊಡ್ಡದು ತರಿಸಿದರು.

“ಗುಲಾಮನ ತಲೆ ದೊಡ್ಡದಾಗೇ ಇರ್ಬೇಕು,” ಎಂದ ಜೆರ್ಬೊ, ಬೆತ್ತಲೆ ನಿಂತುಕೊಂಡೇ. “ಹೊರೆ ಹೊರೋಕೆ.”

ಅಂದಿನಿಂದ ನಾವಿಬ್ಬರೂ ಜೊತೆ. ಮರ ಕೊಯ್ಯುವ ಗರಗಸಕ್ಕೆ ಎರಡು ಹಿಡಿ. ಒಂದು ಹಿಡಿಯಲ್ಲಿ ನಾನು, ಇನ್ನೊಂದರಲ್ಲಿ ಅವನು. ನಾನು ಕೊಯ್ದ ಕೊಯ್ತಕ್ಕೆ ಕಾಡು ಬಯಲಾಗಿ ಒಂದು ದಿನ ಸಮುದ್ರ ಕಾಣಿಸಿತು. ಅಲ್ಲಿ ಸಮುದ್ರ ಇದೆ ಎಂದು ಆ ಊರಿನವರಿಗೇ ಅದುವರೆಗೆ ಗೊತ್ತಿರಲಿಲ್ಲ.

“ಅವ್ನು?” ಎಂದಳು ತೆನೆ.

“ಅವ್ನೂ ಕೊಯ್ದ. ನನ್ನಷ್ಟಲ್ಲ.”

ಅವನು ನನ್ನಷ್ಟೇ ಕೊಯ್ದ. ಮಂಡಿಯನ್ನು ಹಿಮದಲ್ಲಿ ಊರಬೇಕು. ಎಳೆ, ಬಿಡು. ಎಳೆ, ಬಿಡು. ಬೆಳಕು ಹರಿದಾಗ ಶುರು ಮಾಡಿದರೆ ಬೆಳಕು ಹೋಗುವವರೆಗೆ. ಮರದ ರಾಳ ಅಂಗೈಗೆ ಅಂಟುತ್ತದೆ. ಚಳಿಗೆ ಗಟ್ಟಿಯಾಗುತ್ತದೆ. ಹಿಡಿ ಬಿಟ್ಟರೆ ಚರ್ಮ ಕಿತ್ತು ಬರುತ್ತದೆ. ಅದಕ್ಕೆ ಬಿಡುತ್ತಿರಲಿಲ್ಲ. ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಉಚ್ಚೆ ಹೊಯ್ಯುತ್ತಿದ್ದೆವು. ಮರ ಬಿದ್ದ ಮೇಲೆ ದಿಮ್ಮಿ ಹೆಗಲ ಮೇಲೆ. ಆರು ಜನಕ್ಕೆ ಒಂದು ದಿಮ್ಮಿ. ಒಬ್ಬ ಜಾರಿದರೆ ಐವರ ಹೆಗಲು ಮುರಿಯುತ್ತದೆ. ಬೂಟು ಕಿತ್ತುಕೊಂಡು ಮರದ ಚಪ್ಪಲಿ ಕೊಟ್ಟಿದ್ದರು. ಒಳಗೆ ಚಿಂದಿ ಸುತ್ತಿಕೊಳ್ಳುತ್ತಿದ್ದೆವು. ಒಂದು ಸಂಜೆ ಜೆರ್ಬೊ ಚಿಂದಿ ಬಿಚ್ಚಿದ. ಕಾಲಿನ ಕಿರುಬೆರಳು ಚಿಂದಿಯ ಜೊತೆಗೇ ಬಂತು. ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

“ತಗೊಳೋ ಗುಲಾಮ. ಊರಿಗ್ ತಗೊಂಡ್ ಹೋಗಿ ಸಾರಿಗೆ ಹಾಕ್ಕೊ. ನಿಮ್ಮನೇಲಿ ಮಾಂಸ ನೋಡಿ ಎಷ್ಟ್ ದಿನ ಆಯ್ತೋ.”

ಊಟಕ್ಕೆ ಗೆಡ್ಡೆ ಬೇಯಿಸಿದ ನೀರು. ಗೆಡ್ಡೆ ಯಾರ ಪಾಲಿಗೆ ಹೋಯಿತೋ ಗೊತ್ತಿಲ್ಲ, ನೀರು ನಮಗೆ ಬರುತ್ತಿತ್ತು. ಎಂಟು ಜನಕ್ಕೆ ಒಂದು ಬ್ರೆಡ್ಡು, ಅದರಲ್ಲಿ ಮರದ ಹೊಟ್ಟು. ನಾವು ದಿನವಿಡೀ ಮರ ಕೊಯ್ದು ಸಂಜೆ ಅದನ್ನೇ ತಿನ್ನುತ್ತಿದ್ದೆವು. ಒಬ್ಬೊಬ್ಬರಿಗೆ ಒಂದು ಕಂಬಳಿ. ಕಂಬಳಿ ನಮ್ಮದಲ್ಲ, ಉಗ್ರಾಣದ್ದು. ಜೆರ್ಬೊನದೂ ನನ್ನದೂ ಒಂದರ ಮೇಲೊಂದು ಹಾಕಿ, ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತಿದ್ದೆವು. ಹಾಗೆ ಎರಡು ಚಳಿಗಾಲ ಕಳೆದೆವು.

ನಲವತ್ತಮೂರರಲ್ಲಿ, ಮೂರನೆಯ ಚಳಿಗಾಲದ ನಡುವೆ, ಜರ್ಮನ್ ಕಾವಲುಗಾರರನ್ನು ರಷ್ಯದ ಯುದ್ಧಕ್ಕೆ ಕಳಿಸಿದರು. ಅವರ ಜಾಗಕ್ಕೆ ಫ್ರೆಂಚ್ ಅಧಿಕಾರಿಗಳು ಬಂದರು. ಗೇಟಿನಲ್ಲಿ ಆ ಸಮವಸ್ತ್ರ ಕಂಡಾಗ ನಾವು ಕುಣಿದೆವು. ನಮ್ಮವರು ಬಂದರು, ಬಿಡಿಸಲು ಬಂದರು ಅಂದುಕೊಂಡೆವು. ನಮ್ಮಲ್ಲೊಬ್ಬ ತನ್ನ ಕೆಂಪು ಸಿಪಾಯಿ ಟೊಪ್ಪಿ ಮೇಲಕ್ಕೆಸೆದ. ಒಬ್ಬ ಅತ್ತ. ಅವರು ಒಳಗೆ ಬಂದರು. ಗೇಟು ಹಾಕಿಕೊಂಡರು. ಜರ್ಮನರು ಬಿಟ್ಟುಹೋದ ಅದೇ ಬೀಗ, ಅದೇ ಕೀಲಿ. ಯಾರ ಹಳ್ಳಿಯನ್ನು ಕಾಯಲು ಹೋಗಿ ಸಿಕ್ಕಿಬಿದ್ದೆವೋ ಅವರೇ ನಮಗೆ ಕಾವಲು. ಕೆಲಸ ಬದಲಾಗಲಿಲ್ಲ, ಗೆಡ್ಡೆ ನೀರು ಬದಲಾಗಲಿಲ್ಲ. ಬೈಗುಳ ಅರ್ಥವಾಗತೊಡಗಿತು, ಅಷ್ಟೇ.

ನಮ್ಮ ಪಾಲಿಗೆ ಬಂದವನು ಲೆಫ್ಟಿನೆಂಟ್ ದೆಲ್ಮಾಸ್. ಯುದ್ಧಕ್ಕೆ ಮೊದಲು ನಮ್ಮ ಸೀಮೆಯಲ್ಲಿ ಆರು ವರ್ಷ ಇದ್ದವನು. ರಸ್ತೆ ಕೆಲಸಕ್ಕೆ ಊರೂರಿನಿಂದ ಜನರನ್ನು ಹಿಡಿಸುತ್ತಿದ್ದವನು. ನಮ್ಮ ಮಾತು ಬರುತ್ತಿತ್ತು. ನಮ್ಮ ಮದುವೆ, ಸಾವು, ಪೂಜೆ, ಬೈಗುಳ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದ. ನಮ್ಮನ್ನು ಮಕ್ಕಳೇ ಎಂದು ಕರೆಯುತ್ತಿದ್ದ.

“ದೊರೆ, ನಮ್ಮನ್ನ ಯಾವಾಗ ಊರಿಗ್ ಕಳಿಸ್ತೀರಿ?” ಎಂದು ಜೆರ್ಬೊನೇ ಮೊದಲು ಕೇಳಿದ.

“ಇಲ್ಲಿ ಕ್ಷೇಮವಾಗಿದೀರಲ್ಲ, ಮಕ್ಕಳೇ,” ಎಂದ ದೆಲ್ಮಾಸ್. “ಹೊರಗಡೆ ಯುದ್ಧ ನಡೀತಿದೆ.”

ಆ ತಿಂಗಳು ಜೆರ್ಬೊನಿಗೆ ಕೆಮ್ಮು ಹತ್ತಿತು. ಎಳೆ, ಬಿಡು, ಕೆಮ್ಮು. ಮರದ ಹೊಟ್ಟಿನ ಮೇಲೆ ರಕ್ತ ಬೀಳುತ್ತಿತ್ತು. ಕಾಲಿನಿಂದ ಮುಚ್ಚುತ್ತಿದ್ದ. ಆಸ್ಪತ್ರೆ ಕೊಟ್ಟಿಗೆಗೆ ಕಳಿಸಿ ಎಂದು ನಾನು ಕೇಳಿದೆ. ದೆಲ್ಮಾಸ್ ಅವನನ್ನು ಮೇಲಿಂದ ಕೆಳಗೆ ನೋಡಿದ.

“ನಿಂತ್ಕೊಳೋಕೆ ಆಗತ್ತಲ್ಲಪ್ಪ. ಹಾಗಾದ್ರೆ ಕೆಲಸಾನೂ ಆಗತ್ತೆ.”

ಅಷ್ಟೊತ್ತಿಗೆ ಜೆರ್ಬೊನಿಗೆ ತಿಳಿದಿತ್ತು. ದಿಮ್ಮಿ ಇಳಿಸಿ ಉಸಿರು ತೆಗೆದುಕೊಳ್ಳುವಾಗ ಹೇಳಿದ.

“ನಾನ್ ಸತ್ರೆ ನಿನ್ ಕೆಲಸ ಏನು, ಗೊತ್ತಲ್ಲ?”

“ಗೊತ್ತು. ಗುಂಡಿಗಿಳಿದು ನಿನ್ ಥರಾನೇ ಕೆಮ್ಮಿ ತೋರಿಸ್ತೀನಿ. ಸುತ್ತ ನಿಂತೋರು ಹೊಟ್ಟೆ ಹಿಡ್ಕೊಂಡ್ ನಗ್ಬೇಕು.”

ಸಾಮೊ ಸತ್ತರೆ ಮೊಸ್ಸಿ ಬಂದು ಆ ಗುಂಡಿಯಲ್ಲಿ ಮಲಗಬೇಕು. ಸತ್ತವನ ಹಾಗೆ ನಟಿಸಬೇಕು, ಅವನನ್ನು ಆಡಿಕೊಳ್ಳಬೇಕು. ಮನೆಯವರು ಬಂದು ಕೈಗೆ ಬೆಲೆ ಇಡುವವರೆಗೆ ಏಳಬಾರದು. ಕೋಳಿಯೋ, ಜಗಿಯುವ ಕೋಲಾ ಕಾಯಿಯೋ. ಅಲ್ಲಿಯವರೆಗೆ ಹೆಣ ಇಳಿಯುವ ಹಾಗಿಲ್ಲ. ಮೊಸ್ಸಿ ಸತ್ತರೆ ಸಾಮೊ ಇದನ್ನೇ ಮಾಡುತ್ತಾನೆ. ನಮ್ಮಲ್ಲಿ ಸಾವಿಗೆ ಇದು ಬೇಕೇ ಬೇಕು.

“ಏನ್ ಬೆಲೆ ಕೇಳ್ಲಿ?” ಎಂದೆ. “ಕುರಿನಾ, ಕೋಳಿನಾ?”

“ಕಂಬಳಿ ಕೇಳು. ಇವ್ರು ಬರೀ ಮೈಲಿ ಹೂಳ್ತಾರೆ. ನಾನ್ ನೋಡಿದೀನಿ. ನಮ್ಮಕ್ಕಂಗೆ ಗೊತ್ತಾದ್ರೆ ಸುಮ್ನಿರಲ್ಲ.”

ಇದನ್ನು ಕೇಳಿ ತೆನೆ ಬಟ್ಟೆಯ ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ನಾಲ್ಕು ದಿನ ಕಳೆದವು. ಐದನೆಯ ಬೆಳಿಗ್ಗೆ ನಾನು ಗರಗಸ ಎಳೆದೆ. ಆ ಕಡೆಯಿಂದ ಯಾರೂ ಎಳೆಯಲಿಲ್ಲ. ಜೆರ್ಬೊ ಮರಕ್ಕೆ ತಲೆ ಆನಿಸಿ ಮಂಡಿಯೂರಿ ಕೂತಿದ್ದ. ಕೈ ಹಿಡಿಯ ಮೇಲೇ ಇತ್ತು. ಬೆರಳು ಬಿಡಿಸಲು ಇಬ್ಬರು ಬೇಕಾದರು.

ಗುಂಡಿ ತೋಡಿದವರಲ್ಲಿ ನಾನೂ ಒಬ್ಬ. ನೆಲ ಹೆಪ್ಪುಗಟ್ಟಿತ್ತು. ಗುದ್ದಲಿ ಬಿದ್ದಲ್ಲಿಂದ ಎಗರಿ ವಾಪಸು ಬರುತ್ತಿತ್ತು. ಸೊಂಟದಾಳಕ್ಕೆ ನಾಲ್ಕು ಗಂಟೆ ಹಿಡಿಯಿತು. ಅಷ್ಟರಲ್ಲಿ ಉಗ್ರಾಣದವನು ಬಂದು ಹೆಣದ ಮೇಲಿನ ಕಂಬಳಿ ಎತ್ತಿಕೊಂಡ. ಅಂಗಿ ಬಿಚ್ಚಿದ. ಚಡ್ಡಿ ಬಿಚ್ಚಿದ. ಮರದ ಚಪ್ಪಲಿ ತೆಗೆದುಕೊಂಡ. ಉಳಿದದ್ದು ಕೊರಳಿನ ನಂಬರಿನ ತಗಡು. ಅದನ್ನೂ ಅರ್ಧ ಮುರಿದುಕೊಂಡ.

“ಬದುಕಿರೋರಿಗೇ ಸಾಲ್ತಿಲ್ಲ, ಮಕ್ಕಳೇ,” ಎಂದ ದೆಲ್ಮಾಸ್. “ಬೇಗ ಇಳಿಸಿ. ಮಧ್ಯಾಹ್ನದ ಮರ ಹಾಗೇ ಇದೆ.”

ನಿನ್ನ ಕಂಬಳಿ ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೊಟ್ಟಿದ್ದರೆ ಮುಂದಿನ ವಾರ ಪಕ್ಕದಲ್ಲಿ ಇನ್ನೊಂದು ಗುಂಡಿ.

ನಾನು ಗುಂಡಿಗೆ ಇಳಿದೆ. ಅಂಗಾತ ಮಲಗಿದೆ. ಜೆರ್ಬೊನ ಹಾಗೆ ಮೂಗಿನಲ್ಲಿ ಮಾತಾಡಿದೆ. “ಅಯ್ಯಯ್ಯೋ, ನಾನು ಜೆರ್ಬೊ! ಈ ದೇಶದಲ್ಲಿ ಒಂದು ನಾಯಿ ತಲೇನೂ ಸಿಗ್ದೆ ಹಸ್ಕೊಂಡ್ ಸತ್ನಲ್ಲಪ್ಪೋ!” ಎಂದೆ. ಅವನ ಹಾಗೆ ಕೆಮ್ಮಿದೆ. ಸುತ್ತ ನಲವತ್ತು ಜನ ಇದ್ದರು. ಮೊಸ್ಸಿ, ಸಾಮೊ, ಬೊಬೊ, ಎಲ್ಲ ಜಾತಿಯವರು. ನಕ್ಕರು. ಆ ಕಾಡಿನಲ್ಲಿ ನಲವತ್ತು ಜನ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಕಾಗೆಗಳು ಎದ್ದು ಹಾರಿಹೋದವು.

“ಏಳು ಮೇಲೆ,” ಎಂದ ದೆಲ್ಮಾಸ್.

“ಬೆಲೆ ಕೊಡಿ, ದೊರೆ.”

“ಯಾರು ಕೊಡ್ಬೇಕು?”

“ಅವನ ಮನೆಯೋರು.”

“ಅವನ ಮನೆಯೋರು ಇಲ್ಲಿ ಯಾರಿದಾರಪ್ಪ?”

“ಮಕ್ಕಳೇ ಅಂತ ಕರೆದೋರು ನೀವಲ್ವಾ? ಮಗ ಸತ್ತಿದಾನೆ. ಅಪ್ಪ ಕೊಡ್ಬೇಕು.”

ಯಾರೂ ನಗಲಿಲ್ಲ. ಒಬ್ಬ ಬೊಬೊ ಮುದುಕ ತನ್ನ ಕೊಡಲಿಯನ್ನು ಹಿಮದ ಮೇಲೆ ಇಟ್ಟ. ಪಕ್ಕದವನು ಇಟ್ಟ. ಆಮೇಲೆ ಎಲ್ಲರೂ. ಹಿಮದ ಮೇಲೆ ಇಟ್ಟರೆ ಕೊಡಲಿ ಸದ್ದು ಮಾಡುವುದಿಲ್ಲ. ನಲವತ್ತು ಜನ ಕೈ ಇಳಿಬಿಟ್ಟು ನಿಂತರು. ಕಾವಲುಗಾರರು ಕೋವಿ ಎತ್ತಿದರು. ಯಾರೂ ಕದಲಲಿಲ್ಲ. ನಾನು ಕೆಳಗಿನಿಂದ ಅವರ ಕಾಲುಗಳನ್ನಷ್ಟೇ ನೋಡುತ್ತಿದ್ದೆ. ಎಂಬತ್ತು ಕಾಲು, ಚಿಂದಿ ಸುತ್ತಿದ್ದವು. ಒಂದೂ ಹಿಂದಕ್ಕೆ ಹೋಗಲಿಲ್ಲ.

“ಆಮೇಲೆ?” ಎಂದಳು ತೆನೆ.

“ಆಮೇಲೆ ಮೂರು ದಿನ!” ಎಂದು ಚಪ್ಪರದ ಕೆಳಗಿದ್ದವರು ನನಗಿಂತ ಮೊದಲು ಕೂಗಿದರು. ಅವರಿಗೆ ಬಾಯಿಪಾಠ.

ಮೂರು ದಿನ ನಾನು ಏಳಲಿಲ್ಲ. ಹಿಮ ನನ್ನ ಮೈಮೇಲೆ ಬಿದ್ದು ಹಬೆಯಾಗಿ ಏಳುತ್ತಿತ್ತು, ಹತ್ತಿರ ನಿಂತವರು ಕೈ ಕಾಯಿಸಿಕೊಂಡರು. ಮೊದಲ ದಿನ ದೆಲ್ಮಾಸ್ ಬೈದ. ಎರಡನೆಯ ದಿನ ಬೇಡಿಕೊಂಡ. ಮೂರನೆಯ ದಿನ ಒಬ್ಬ ಜರ್ಮನ್ ಕರ್ನಲ್ ಕಾರಿನಲ್ಲಿ ಬಂದು ಗುಂಡಿಯೊಳಗೆ ಇಣುಕಿದ. ನಾನು ಒಂದು ಕಣ್ಣು ತೆರೆದು ನೋಡಿದೆ. ಅವನ ಕನ್ನಡಕ ಒಡೆಯಿತು. ಕೊನೆಗೆ ದೆಲ್ಮಾಸ್ ಎಂಟು ಹಿತ್ತಾಳೆ ಗುಂಡಿಗಳ ತನ್ನ ಉಣ್ಣೆ ಕೋಟನ್ನು ಬಿಚ್ಚಿದ. ಜೆರ್ಬೊನಿಗೆ ಸುತ್ತಿದ. ಕಾಲಿನಿಂದ ಕೊರಳಿನವರೆಗೆ, ಒಂದು ಬೆರಳೂ ಕಾಣದ ಹಾಗೆ. ಸೆಲ್ಯೂಟ್ ಹೊಡೆದ. ಆಗ ಎದ್ದೆ. ಜರ್ಮನ್ ಕರ್ನಲ್ ಅದನ್ನು ನೋಡಿ, ಒಬ್ಬ ಕರಿಯನನ್ನು ಗುಂಡಿಯಿಂದ ಎಬ್ಬಿಸಲಾರದ ನಾವು ಲೋಕವನ್ನು ಹೇಗೆ ಆಳೋಣ ಎಂದು ಬರ್ಲಿನ್ನಿಗೆ ತಂತಿ ಕಳಿಸಿದ.

ಚಪ್ಪರದ ಕೆಳಗಿದ್ದವರು ತೊಡೆ ತಟ್ಟಿದರು. ಪೊಕೊ ನನ್ನ ಬುರುಡೆ ತುಂಬಿಸಿದಳು.

ತೆನೆ ನನ್ನನ್ನೇ ನೋಡುತ್ತಿದ್ದಳು.

“ಹಾಗಾದ್ರೆ ಕೋಟು ಸುತ್ತಿದ್ರು.”

“ಸುತ್ತಿದ್ರು. ಎಂಟು ಗುಂಡಿ. ಹಿತ್ತಾಳೆದು.”

“ಮಣ್ಣೊಳಗೆ ಎಂಟು ಹಿತ್ತಾಳೆ ಗುಂಡಿ ಹೋಗ್ತಿದ್ರೆ ಮೊಸ್ಸಿ ಒಂದನ್ನೂ ಕಿತ್ಕೊಳ್ದೆ ನೋಡ್ಕೊಂಡ್ ಸುಮ್ನಿದ್ದ.”

“ದುಃಖದಲ್ಲಿದ್ದೆ ಕಣೇ.”

“ಕೋಟು ನನ್ ತಮ್ಮನ ಮೈಮೇಲೆ ಹೋಯ್ತು. ನಿನ್ ಕೈಗೆ ಏನ್ ಬಂತು?”

“ಏನು?”

“ಬೆಲೆ. ಬೆಲೆ ಕೈಗೆ ಬೀಳ್ದೆ ಮೊಸ್ಸಿ ಗುಂಡಿಯಿಂದ ಎದ್ದಿದ್ದು ನಾನ್ ಹುಟ್ಟಿದ್ಮೇಲೆ ನೋಡಿಲ್ಲ. ನಮ್ಮಪ್ಪ ಸತ್ತಾಗ ನಿಮ್ಮೋನೊಬ್ಬ ಒಂದು ಕೋಳಿಗೆ ಮಧ್ಯಾಹ್ನದವರೆಗೆ ಮಲಗಿದ್ದ. ಹುಂಜ ಕೊಟ್ರೆ ಒಲ್ಲೆ, ಹ್ಯಾಟೆ ಬೇಕು ಅಂದ. ಹೆಣಕ್ಕೆ ಏನ್ ಹೊದಿಸಿದ್ರೂ ಅದು ಹೆಣದ್ದು. ನಿನ್ ಕೈಗೆ ಏನೋ ಬಿದ್ದಿರ್ಲೇಬೇಕು. ಏನ್ ಬಿತ್ತು?”

“ಗೌರವ ಬಿತ್ತು.”

ಯಾರೂ ನಗಲಿಲ್ಲ.

“ನೀನ್ ಸುತ್ತಿದ್ರು ಅಂದ್ರೆ ನಾನ್ ಈ ಬಟ್ಟೆ ವಾಪಸ್ ತಗೊಂಡ್ ಹೋಗ್ತೀನಿ,” ಎಂದಳು ತೆನೆ. “ತಮಟೆ ಹೊಡೀತೀವಿ, ಹೆಂಡ ಕುಡೀತೀವಿ, ಮುಗೀತು. ಆಮೇಲೆ ಅವ್ನು ಹೇಗಿದಾನೋ ಹಾಗೇ ಇರ್ತಾನೆ. ಇನ್ನೊಂದ್ ಸಲ ಕೇಳೋಕೆ ನಾನ್ ಬರಲ್ಲ, ಗುಲಾಮ. ಏನ್ ಬಿತ್ತು ಕೈಗೆ?”

ನಾನು ಹೆಂಡದ ಬುರುಡೆಯನ್ನು ಕೆಳಗಿಟ್ಟೆ. ಅದು ಉರುಳಿತು. ಪೊಕೊ ಎತ್ತಲು ಬರಲಿಲ್ಲ.

“ಬ್ರೆಡ್ಡು,” ಎಂದೆ.

ಮೂರು ದಿನ ಅಲ್ಲ. ಒಂದು ಸಿಗರೇಟು ಸುಟ್ಟು ಮುಗಿಯುವಷ್ಟು ಹೊತ್ತು. ಕರ್ನಲ್ ಯಾರೂ ಬರಲಿಲ್ಲ. ನಲವತ್ತು ಕೊಡಲಿ ನೆಲಕ್ಕಿಟ್ಟದ್ದು ನಿಜ. ಆ ಕಾಲುಗಳು ಕದಲದೆ ಇದ್ದದ್ದೂ ನಿಜ. ಕಾವಲುಗಾರರು ಕೋವಿ ಎತ್ತಿದಾಗ ಇಳಿಸಿ ಎಂದು ಕೈ ಮಾಡಿದವನು ದೆಲ್ಮಾಸ್. ಅವನು ನಗುತ್ತಿದ್ದ. “ಓ, ನೀನು ಮೊಸ್ಸಿ. ಅವನು ಸಾಮೊ. ನಂಗೊತ್ತಿಲ್ವಾ ಇದು?” ಎಂದ, ನಮ್ಮ ಮಾತಿನಲ್ಲೇ. ತನ್ನ ಗುಡಿಸಲಿಗೆ ಹೋದ. ಅಧಿಕಾರಿಗಳ ಊಟಕ್ಕೆ ಬಂದಿದ್ದ ಬ್ರೆಡ್ಡು ತಂದ. ಹೊಟ್ಟು ಹಾಕದ್ದು. ಇಡೀ ಒಂದು.

ಕಂಬಳಿ ಎನ್ನಲು ನಾನು ಬಾಯಿ ತೆರೆದಿದ್ದೆ, ತೆನೆ. ಆ ಮಾತು ನಾಲಿಗೆಯ ಮೇಲಿತ್ತು. “ಅಪ್ಪ ಕೊಡ್ತಿದಾನೆ, ತಗೊ,” ಎಂದು ಅವನು ಎಸೆದ. ನನ್ನ ಕೈ ಎದ್ದಿತು. ಮೂರು ಚಳಿಗಾಲದಲ್ಲಿ ಇಡೀ ಬ್ರೆಡ್ಡನ್ನು ಹಿಡಿಯದ ಕೈ. ನಾನು ಎತ್ತು ಎನ್ನಲಿಲ್ಲ, ಅದೇ ಎದ್ದಿತು. ಹಿಡಿಯಿತು. ಕೈ ಮುಚ್ಚಿದ ಮೇಲೆ ಆಟ ಮುಗಿಯಿತು. ಬೆಲೆ ಬಿದ್ದ ಮೇಲೆ ಎರಡನೆಯ ಸಲ ಕೇಳುವ ಹಾಗಿಲ್ಲ. ಅದು ನನಗೆ ಗೊತ್ತು, ನಲವತ್ತು ಜನಕ್ಕೂ ಗೊತ್ತು. ದೆಲ್ಮಾಸನಿಗೂ ಗೊತ್ತಿತ್ತು. ಒಂದು ಗುಂಡೂ ಹಾರಿಸಲಿಲ್ಲ ಅವನು. ಒಬ್ಬನಿಗೂ ಒಂದು ಒದೆ ಕೊಡಲಿಲ್ಲ. ಇದು ಜರ್ಮನರಿಗೆ ಬರುತ್ತಿರಲಿಲ್ಲ.

ನಲವತ್ತು ಜನ ನನ್ನ ಕೈ ನೋಡಿದರು. ಬೊಬೊ ಮುದುಕ ಮೊದಲು ಬಗ್ಗಿ ಕೊಡಲಿ ಎತ್ತಿಕೊಂಡ. ಬಿಡುಗಡೆಯಾಗಿ ಊರಿಗೆ ಬರುವವರೆಗೆ ಅವರಲ್ಲಿ ಒಬ್ಬನೂ ನನ್ನ ಜೊತೆ ಗರಗಸ ಹಿಡಿಯಲಿಲ್ಲ. ಒಬ್ಬನೂ ನನ್ನನ್ನು ಬೈಯಲಿಲ್ಲ ಕೂಡ. ಸಾಮೊಗಳೂ ಬೈಯಲಿಲ್ಲ.

ಇಷ್ಟನ್ನು ಹೇಳುವಾಗ ನಾನು ಅವಳ ಮುಖ ನೋಡಲಿಲ್ಲ.

“ತಿಂದ್ಯಾ?” ಎಂದಳು.

“ತಿಂದೆ. ಒಬ್ನೇ ತಿಂದೆ.”

“ಅವ್ನು?”

“ಬೆತ್ತಲೆ ಹೋದ. ಮುಖ ಮುಚ್ಚೋಕೆ ಒಂದು ಚಿಂದೀನೂ ಇರ್ಲಿಲ್ಲ. ಮಣ್ಣು ಎಳೆದೋನು ನಾನೇ. ಬ್ರೆಡ್ ಕೆಳಗಿಟ್ರೆ ಯಾರಾದ್ರೂ ಎತ್ಕೊಂಡ್ಬಿಡ್ತಾರೆ ಅಂತ ಒಂದೇ ಕೈಲಿ ಎಳೆದೆ. ಅದಕ್ಕೆ ತುಂಬಾ ಹೊತ್ತು ಹಿಡೀತು. ನೀನು ಬಟ್ಟೆ ಹೂಳು, ತೆನೆ.”